ಕಡೇ ಬಸ್ಸು ಹೋದ ಮೇಲೆ

ರಾತ್ರಿ ಸಾರಿಗೆ ಎಂದರೆ ಹನ್ನೊಂದು ಗಂಟೆಯಿಂದ ಬೆಳಗಿನ ಐದರವರೆಗೆ ಊರೊಳಗೇ ಓಡುವ ಬಸ್ಸು ಮತ್ತು ರೈಲು. ದೂರದ ಊರುಗಳಿಗೆ ಹೋಗುವ ಸ್ಲೀಪರ್ ಕೋಚುಗಳು ಇದಕ್ಕೆ ಸೇರುವುದಿಲ್ಲ. ಈ ಹೊತ್ತಿನಲ್ಲಿ ಓಡಾಡುವವರು ಹಗಲಿನವರಿಗಿಂತ ಬಹಳ ಕಡಿಮೆ. ಹಾಗಾಗಿ ಸಾರಿಗೆ ಸಂಸ್ಥೆ ಖರ್ಚು ಇಳಿಸಲು ಹೊರಟಾಗಲೆಲ್ಲ ಮೊದಲು ಕತ್ತರಿ ಬೀಳುವುದು ರಾತ್ರಿಯ ಮಾರ್ಗಗಳಿಗೆ. ಆದರೆ ಆ ಕೆಲವರು ಯಾರು ಎಂದು ನೋಡಿದರೆ ಲೆಕ್ಕವೇ ಬೇರೆಯಾಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಊರು ಸರಾಗವಾಗಿ ಶುರುವಾಗಲು ಏನೇನು ಆಗಿರಬೇಕೋ ಅದನ್ನೆಲ್ಲ ಮಾಡಿಟ್ಟಿರುವವರು ಅವರು.

ಬೆಂಗಳೂರನ್ನೇ ತೆಗೆದುಕೊಳ್ಳಬಹುದು. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಲ್ಲಿ 1905ರ ಆಗಸ್ಟ್‌ನಲ್ಲಿ ಈ ಊರಿನ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿಕೊಂಡದ್ದು ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿ. ಊರಿನಲ್ಲಿ ಎಲ್ಲರಿಗಿಂತ ಮುಂಚೆ ಬೆಳಗಾಗುವುದೂ ಅಲ್ಲೇ. ಜಾವದ ಮೂರು, ನಾಲ್ಕರ ಹೊತ್ತಿಗೆ ಸೇವಂತಿಗೆ, ಕನಕಾಂಬರ, ಸುಗಂಧರಾಜದ ಮೂಟೆಗಳು ಬಂದು ಬೀಳುತ್ತವೆ. ಬಡಾವಣೆಯ ದೇವಸ್ಥಾನದ ಎದುರು ಬುಟ್ಟಿ ಇಟ್ಟು ಕೂರುವ ಹೆಂಗಸು ಆ ಹೊತ್ತಿಗೆ ಅಲ್ಲಿದ್ದರೆ ಒಳ್ಳೆಯ ಹೂವನ್ನು ಆರಿಸಿ, ಚೌಕಾಸಿ ಮಾಡಿ ಕೊಳ್ಳಬಹುದು. ಆರು ಗಂಟೆಗೆ ಬಂದರೆ ಮಿಕ್ಕಿದ್ದೇ ಗತಿ. ಕೊಂಡ ಮೇಲೆ ವಾಪಸ್ ಹೋಗಿ, ಮಾಲೆ ಕಟ್ಟಿ, ಮೊದಲ ಮಂಗಳಾರತಿಯ ಹೊತ್ತಿಗೆ ಜಾಗ ಹಿಡಿದಿರಬೇಕು. ಅವಳ ಇಡೀ ದಿನದ ಸಂಪಾದನೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ಇದೇ ಹೊತ್ತಿನಲ್ಲಿ ಓಡಾಡಬೇಕಾದವರು ಇನ್ನೂ ಎಷ್ಟೋ ಜನ. ಕೊನೆಯ ಗಿರಾಕಿ ಎದ್ದ ಮೇಲೆ ಪಾತ್ರೆ ತೊಳೆದು, ನೆಲ ಒರೆಸಿ ಹೊರಡುವ ಹೋಟೆಲ್ ಕೆಲಸದವರಿದ್ದಾರೆ. ಪಾಳಿ ಬದಲಾಗುವ ಆಸ್ಪತ್ರೆಯ ಆಯಾಗಳು, ವಾರ್ಡ್ ಬಾಯ್‌ಗಳು, ನಸುಕಿನಲ್ಲೇ ಹಾಜರಿ ಹಾಕಬೇಕಾದ ಪೌರಕಾರ್ಮಿಕರು, ಎಟಿಎಂ ಮತ್ತು ಅಪಾರ್ಟ್‌ಮೆಂಟುಗಳ ಕಾವಲುಗಾರರು, ಪತ್ರಿಕೆಯ ಬಂಡಲು ಬಿಚ್ಚುವ ಏಜೆಂಟರ ಹುಡುಗರು ಇದ್ದಾರೆ. ಇವರ ಜೊತೆಗೆ ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ನಾಲ್ಕಕ್ಕೋ ನಾಲ್ಕೂವರೆಗೋ ಮೆಜೆಸ್ಟಿಕ್ಕಿನಲ್ಲಿ ಇಳಿಯುವವರು. ನೂರಾರು ಕಿಲೋಮೀಟರು ಆರಾಮಾಗಿ ಬಂದವರಿಗೆ ಮನೆ ತಲುಪಲು ಉಳಿದ ಹತ್ತು ಹನ್ನೆರಡು ಕಿಲೋಮೀಟರೇ ದೊಡ್ಡ ತಾಪತ್ರಯವಾಗುತ್ತದೆ.

ನಮ್ಮ ಮೆಟ್ರೊ ಸಾಮಾನ್ಯವಾಗಿ ಬೆಳಗ್ಗೆ 5ಕ್ಕೆ ಶುರುವಾಗಿ ರಾತ್ರಿ 11ರ ಸುಮಾರಿಗೆ ಕೊನೆಯ ರೈಲು ಬಿಡುತ್ತದೆ. ವಿಮಾನ ನಿಲ್ದಾಣಕ್ಕೆ ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ಹಗಲು ರಾತ್ರಿ ಓಡುತ್ತವೆ. ಮೆಜೆಸ್ಟಿಕ್, ಮಾರುಕಟ್ಟೆಗಳಿಂದ ಕೆಲವು ಮುಖ್ಯರಸ್ತೆಗಳಲ್ಲಿ ರಾತ್ರಿ ಬಸ್ಸುಗಳೂ ಇವೆ. ಅದು ಬಿಟ್ಟರೆ ಆಟೋ, ಕ್ಯಾಬು, ಸ್ವಂತ ಬೈಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರದಂತೆ ಬೆಂಗಳೂರಿನ ಆಟೋಗಳಿಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಇದರ ಒಂದೂವರೆ ಪಟ್ಟು. 15 ಕಿ.ಮೀ. ದೂರದ ಮನೆಗೆ ಹಗಲಿನಲ್ಲಿ ಮೀಟರಿನಂತೆ 270 ರೂಪಾಯಿ ಆದರೆ ರಾತ್ರಿ 405 ರೂಪಾಯಿ. ತಿಂಗಳಿಗೆ 26 ದಿನ ಕೆಲಸ, ಹೋಗುವಾಗ ಬಸ್ಸು, ಬರುವಾಗ ಮಾತ್ರ ಆಟೋ ಎಂದಿಟ್ಟುಕೊಂಡರೂ 10,530 ರೂಪಾಯಿ ಬೇಕು. ಮೀಟರ್ ಹಾಕುವ ಚಾಲಕ ಸಿಕ್ಕರೆ ಇಷ್ಟು. ಮನೆಗೆ ಹೋಗಲಿಕ್ಕೇ ಇಷ್ಟು ಹಣ ತೆತ್ತು ಹೋಟೆಲಿನಲ್ಲೋ ಆಸ್ಪತ್ರೆಯಲ್ಲೋ ದುಡಿಯುವುದು ಯಾರಿಗೂ ಪೂರೈಸುವ ಮಾತಲ್ಲ.

ಹೆಂಗಸರ ವಿಷಯದಲ್ಲಿ ಈ ಅಂತರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಬೆಳಗ್ಗೆ ಹತ್ತಕ್ಕೆ ಸೊನ್ನೆ ರೂಪಾಯಿಗೆ ಮುಗಿಯುವ ದಾರಿ, ಕಡೇ ಬಸ್ಸು ಹೋದ ಮೇಲೆ ನಾನೂರು ರೂಪಾಯಿಯ ದಾರಿಯಾಗುತ್ತದೆ. ಯೋಜನೆಯ ಫಲ ಮುಟ್ಟಬೇಕಾದರೆ ಮೊದಲು ಬಸ್ಸು ಇರಬೇಕು.

ಐಟಿ ಮತ್ತು ಕಾಲ್ ಸೆಂಟರ್ ಕಂಪನಿಗಳು ಈ ಸಮಸ್ಯೆಯನ್ನು ತಮ್ಮ ನೌಕರರ ಮಟ್ಟಿಗೆ ಕ್ಯಾಬಿನಿಂದ ಬಗೆಹರಿಸಿಕೊಂಡಿವೆ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿ ಪಾಳಿಗೆ ಹೊರಟಾಗ ಕೊಲೆಯಾದ ಮೇಲೆ ಕ್ಯಾಬುಗಳ ಮೇಲಿನ ನಿಗಾ ಬಿಗಿಯಾಯಿತು. 2019ರಲ್ಲಿ ರಾಜ್ಯದ ಕಾರ್ಖಾನೆಗಳಲ್ಲೂ ಮಹಿಳೆಯರು ರಾತ್ರಿ ಪಾಳಿ ಮಾಡಲು ಸರ್ಕಾರ ಅನುಮತಿ ಕೊಟ್ಟಿತು. ವಾಹನದ ವ್ಯವಸ್ಥೆ ಮಾಲೀಕರದೇ ಎಂಬ ಷರತ್ತೂ ಜೊತೆಗಿತ್ತು. ಷರತ್ತು ಸರಿಯಾದದ್ದೇ. ಆದರೆ ಅದು ಹೆಸರು ನೋಂದಣಿಯಾದ ನೌಕರರಿಗೆ ಮುಟ್ಟುತ್ತದೆ. ಅದೇ ಟೆಕ್ ಪಾರ್ಕಿನ ಶೌಚಾಲಯ ತೊಳೆಯುವವರು, ಕ್ಯಾಂಟೀನಿನಲ್ಲಿ ಇಡ್ಲಿ ಹಿಟ್ಟು ರುಬ್ಬುವವರು, ಗೇಟಿನಲ್ಲಿ ನಿಂತು ಕ್ಯಾಬುಗಳ ನಂಬರ್ ಬರೆದುಕೊಳ್ಳುವ ಸೆಕ್ಯುರಿಟಿಯವರು ಹೆಚ್ಚಾಗಿ ಗುತ್ತಿಗೆಯವರು. ಕ್ಯಾಬುಗಳು ಎದುರಿಗೇ ಸಾಲಾಗಿ ಹೊರಟರೂ ಅವರು ಹೋಗಬೇಕಾದ್ದು ನಡೆದು, ಇಲ್ಲವೇ ಯಾರದೋ ಬೈಕಿನ ಹಿಂದೆ ಕೂತು. ಮಾಲೀಕರ ಕ್ಯಾಬು ಎಷ್ಟೇ ಇದ್ದರೂ ಅದು ಸಾರ್ವಜನಿಕ ಸಾರಿಗೆಗೆ ಬದಲಿಯಾಗದಿರುವುದು ಇದರಿಂದ.

ಇಂಥ ಜನರನ್ನು ಒಂದು ದೇಶದ ರಾಜಕಾರಣವೇ ಗುರುತಿಸುವಂತಾದದ್ದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ. ಅಲ್ಲಿನ ಎಡಪಂಥೀಯ ನಾಯಕ ನೋ ಹ್ವೇ-ಚಾನ್ 2012ರಲ್ಲಿ ಪಕ್ಷದ ನಾಯಕತ್ವ ವಹಿಸಿಕೊಂಡಾಗ ಮಾಡಿದ ಭಾಷಣದಲ್ಲಿ ಎದ್ದು ಕಂಡದ್ದು ಒಂದು ಬಸ್ಸು. ಅದು 6411ನೇ ನಂಬರಿನ ಬಸ್ಸು. ಗುರೋ ಎಂಬ ದುಡಿಯುವವರ ಪ್ರದೇಶದಿಂದ ಶ್ರೀಮಂತ ಗಂಗ್ನಮ್ ಕಡೆಗೆ ಬೆಳಗಿನ ಜಾವ ನಾಲ್ಕಕ್ಕೆ ಮೊದಲ ಬಸ್ಸು, ನಾಲ್ಕು ಗಂಟೆ ಐದು ನಿಮಿಷಕ್ಕೆ ಎರಡನೆಯದು. ಹೊರಟ ಸ್ವಲ್ಪ ಹೊತ್ತಿನಲ್ಲೇ ಸೀಟು ತುಂಬಿ, ಸೀಟುಗಳ ನಡುವಿನ ದಾರಿಯಲ್ಲೂ ಜನ ಕೂತುಬಿಡುತ್ತಾರೆ. ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂಬುದು ಪರಸ್ಪರ ಗೊತ್ತು. ಹೆಚ್ಚಿನವರು ದೊಡ್ಡ ದೊಡ್ಡ ಕಟ್ಟಡಗಳನ್ನು ಗುಡಿಸಿ ಒರೆಸುವ ಹೆಂಗಸರು. ನೌಕರರು ಬರುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತದೆ, ಹಾಗಾಗಿ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನೋ ಹೇಳಿದ್ದರು. ಅವರು 2018ರಲ್ಲಿ ತೀರಿಕೊಂಡ ಮೇಲೂ ಆ ದೇಶದಲ್ಲಿ 6411 ಎಂಬ ಸಂಖ್ಯೆಗೆ ಬೇರೆ ವಿವರಣೆ ಬೇಕಿಲ್ಲ.

ಅದೇ ಊರಿನ 146ನೇ ನಂಬರಿನ ಬಸ್ಸಿನ ಕತೆ ಇನ್ನೂ ಸೂಕ್ಷ್ಮವಾದದ್ದು. ಅದರ ಮೊದಲ ಬಸ್ಸು 4.05ಕ್ಕೆ ಹೊರಡುತ್ತಿತ್ತು. ಅದರಲ್ಲಿ ಹೋಗುವ ಸ್ವಚ್ಛತಾ ಕೆಲಸಗಾರರು ಬಸ್ಸು ಸ್ವಲ್ಪ ಮುಂಚೆ ಬಿಡಿ ಎಂದು ಬಹಳ ಕಾಲದಿಂದ ಕೇಳುತ್ತಿದ್ದರು. 2023ರ ಆರಂಭದಲ್ಲಿ ಪ್ರಧಾನಿ ಹಾನ್ ಡಕ್-ಸೂ ಆ ಬಸ್ಸಿನಲ್ಲಿ ಹೋದಾಗ ಅದೇ ಬೇಡಿಕೆ ಎದುರಿಗೆ ಬಂತು. ಅದೇ ಜನವರಿಯಲ್ಲಿ 8146 ಎಂಬ ಹೊಸ ನಂಬರಿನಲ್ಲಿ 3.50ಕ್ಕೆ ಬಸ್ಸು ಬಿಟ್ಟರು. ಕೇವಲ ಹದಿನೈದು ನಿಮಿಷ. ಇಳಿದವರು ಓಡದೆ ನಡೆದು ಹೋಗಬಹುದು, ಮಹಡಿಯ ಕೆಲಸ ನೌಕರರು ಬರುವ ಮುಂಚೆ ಮುಗಿಯುತ್ತದೆ. ರಾತ್ರಿ ಸಾರಿಗೆಯಲ್ಲಿ ಸುಧಾರಣೆ ಎಂದರೆ ಯಾವಾಗಲೂ ಕೋಟಿಗಳ ಯೋಜನೆಯೇ ಆಗಬೇಕಿಲ್ಲ.

ಮಧ್ಯರಾತ್ರಿಯ ನಂತರದ ಮಾರ್ಗಗಳನ್ನು ಸೋಲ್ ನಗರಪಾಲಿಕೆ ಗುರುತಿಸಿದ ಕ್ರಮವೂ ಗಮನಿಸತಕ್ಕದ್ದು. ಬಸ್ಸೇ ಇಲ್ಲದ ಕಡೆ ಎಷ್ಟು ಜನಕ್ಕೆ ಬಸ್ಸು ಬೇಕು ಎಂದು ತಿಳಿಯುವುದು ಹೇಗೆ? ಟಿಕೆಟ್ ಲೆಕ್ಕ ಅದನ್ನು ಹೇಳುವುದಿಲ್ಲ. 2013ರಲ್ಲಿ ಪಾಲಿಕೆ ಒಂದು ದೂರವಾಣಿ ಕಂಪನಿಯ ನೆರವಿನಿಂದ ನಡುರಾತ್ರಿಯಿಂದ ಬೆಳಗಿನವರೆಗೆ ಮಾಡಿದ ಸುಮಾರು 300 ಕೋಟಿ ಮೊಬೈಲ್ ಕರೆಗಳ ಮಾಹಿತಿಯನ್ನು ನೋಡಿತು. ಕರೆ ಎಲ್ಲಿಂದ ಬಂತೋ ಅದು ಹೊರಡುವ ಜಾಗ, ಬಿಲ್ಲಿನ ವಿಳಾಸ ಮನೆ. ಊರನ್ನು ಷಟ್ಕೋನ ತುಂಡುಗಳಾಗಿ ಭಾಗ ಮಾಡಿ, ಯಾವ ತುಂಡಿನಿಂದ ಯಾವ ತುಂಡಿಗೆ ಹೆಚ್ಚು ಜನ ಹೋಗಬೇಕಾಗಿದೆ ಎಂದು ಗುರುತಿಸಿ ಗೂಬೆ ಬಸ್ಸು ಎಂಬ ಹೆಸರಿನ ಮಾರ್ಗಗಳನ್ನು ಹಾಕಿದರು. ಖಾಸಗಿತನ ಕಾಪಾಡಿಕೊಂಡು ಇಂಥ ಕೆಲಸ ಮಾಡಲು ಬೆಂಗಳೂರಿಗಿಂತ ತಕ್ಕ ಊರು ಇನ್ನೊಂದಿಲ್ಲ.

ರಾತ್ರಿ ಬಸ್ಸಿನ ವಿರುದ್ಧ ಎಲ್ಲ ಕಡೆಯೂ ಕೇಳಿಬರುವ ಆಕ್ಷೇಪ ನಷ್ಟದ್ದು. ಬಸ್ಸು ಅರ್ಧ ಖಾಲಿ ಹೋಗುತ್ತದೆ, ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಎನ್ನುತ್ತಾರೆ. ಆ ಮಾರ್ಗದ ಕಲೆಕ್ಷನ್ ಒಂದನ್ನೇ ನೋಡಿದರೆ ಮಾತು ನಿಜ. ಆದರೆ ಜನ ಒಂದೇ ದಿಕ್ಕಿನ ಪ್ರಯಾಣ ಮಾಡುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿಗೆ ಹೋಗಿ ರಾತ್ರಿ ಹನ್ನೊಂದಕ್ಕೆ ಬಿಡುವವನು ವಾಪಸ್ ಬರಲು ಬಸ್ಸಿಲ್ಲ ಎಂದಾದರೆ ಸಾಲ ಮಾಡಿಯಾದರೂ ಬೈಕು ಕೊಳ್ಳುತ್ತಾನೆ. ಬೈಕು ಕೊಂಡವನು ಮಧ್ಯಾಹ್ನವೂ ಬಸ್ಸು ಹತ್ತುವುದಿಲ್ಲ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದೂ ಅದರಲ್ಲೇ. ರಾತ್ರಿಯ ಒಂದು ಟ್ರಿಪ್ ಕಡಿದು ಉಳಿಸಿದ್ದಕ್ಕೆ ಸಂಸ್ಥೆ ಒಂದು ಸಂಸಾರದ ಇಡೀ ವಾರದ ಟಿಕೆಟ್ಟುಗಳನ್ನು ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ, ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳೇ ಆಗಿರುವುದಕ್ಕೆ ಕಾರಣಗಳು ಹಲವು. ಹೊತ್ತಲ್ಲದ ಹೊತ್ತಿನಲ್ಲಿ ಬಸ್ಸು ಸಿಗದಿರುವುದು ಅವುಗಳಲ್ಲಿ ಸಣ್ಣದಲ್ಲ.

ಕಡೇ ಬಸ್ಸಿಗೆ ಇನ್ನೊಂದು ಗುಣವಿದೆ. ಬುದ್ಧಿವಂತ ಪ್ರಯಾಣಿಕರು ಅದನ್ನು ನೆಚ್ಚುವುದಿಲ್ಲ. ತಪ್ಪಿದರೆ ಗತಿಯಿಲ್ಲವಾದ್ದರಿಂದ ಅದರ ಹಿಂದಿನದನ್ನೇ ಹಿಡಿಯುತ್ತಾರೆ. ಹನ್ನೊಂದಕ್ಕೆ ಕಡೇ ಬಸ್ಸು ಎಂದಾದರೆ ಜನ ಹತ್ತೂವರೆಯದಕ್ಕೆ ಓಡುತ್ತಾರೆ. ಹನ್ನೆರಡಕ್ಕೆ ಇನ್ನೊಂದು ಬಸ್ಸು ಇದೆ ಎಂದು ಗೊತ್ತಾದರೆ ಹನ್ನೊಂದರದ್ದು ತುಂಬುತ್ತದೆ. ಹನ್ನೆರಡರ ಬಸ್ಸು ಖಾಲಿ ಹೋದರೂ ಅದರ ದುಡಿಮೆ ಹನ್ನೊಂದರ ಬಸ್ಸಿನ ಟಿಕೆಟ್ಟುಗಳಲ್ಲಿ ಇರುತ್ತದೆ. ಮಾರ್ಗವಾರು ಗಳಿಕೆಯ ಪಟ್ಟಿಯಲ್ಲಿ ಇದು ಎಂದೂ ಕಾಣುವುದಿಲ್ಲ.

ರೈಲಿನ ಮಾತು ಬೇರೆ. ಮೆಟ್ರೊ ರೈಲುಗಳು ರಾತ್ರಿ ನಿಲ್ಲುವುದಕ್ಕೆ ಸೋಮಾರಿತನ ಕಾರಣವಲ್ಲ. ಹಳಿ, ಸಿಗ್ನಲ್, ಸುರಂಗಗಳ ತಪಾಸಣೆಗೆ ಸಿಗುವ ಹೊತ್ತು ಅದೊಂದೇ. ನಮ್ಮ ಮೆಟ್ರೊದಲ್ಲಿ ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ಅದನ್ನು ಬಂದ್ ಮಾಡದೆ ಯಾರೂ ಹಳಿಗೆ ಇಳಿಯುವಂತಿಲ್ಲ. ನ್ಯೂಯಾರ್ಕಿನ ಸಬ್‌ವೇ 1904ರಲ್ಲಿ ಶುರುವಾದಂದಿನಿಂದ ಇಡೀ ರಾತ್ರಿ ಓಡಲು ಸಾಧ್ಯವಾದದ್ದು ಅಲ್ಲಿನ ಹಲವು ಮುಖ್ಯ ಮಾರ್ಗಗಳಲ್ಲಿ ಅಕ್ಕಪಕ್ಕ ಮೂರು ಅಥವಾ ನಾಲ್ಕು ಹಳಿದಾರಿಗಳಿರುವುದರಿಂದ. ಒಂದರಲ್ಲಿ ರಿಪೇರಿ ನಡೆದರೆ ಪಕ್ಕದ್ದರಲ್ಲಿ ರೈಲು ಹೋಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಮೇ 6ರಿಂದ, ಮೊದಲ ಬಾರಿಗೆ ಅದನ್ನು ದಿನವೂ ರಾತ್ರಿ 1ರಿಂದ 5ರವರೆಗೆ ಮುಚ್ಚಿದರು. ಪೂರ್ತಿಯಾಗಿ ಮತ್ತೆ ತೆರೆದದ್ದು 2021ರ ಮೇ 17ಕ್ಕೆ. ನಡುವಿನ ಒಂದು ವರ್ಷ ಆಸ್ಪತ್ರೆ, ಅಂಗಡಿಗಳ ರಾತ್ರಿ ಪಾಳಿಯವರು ಬಸ್ಸುಗಳನ್ನೇ ನೆಚ್ಚಬೇಕಾಯಿತು.

ಲಂಡನ್ನಿನ ಸುರಂಗಗಳಲ್ಲಿ ಹೆಚ್ಚಿನ ಕಡೆ ಇರುವುದು ಹೋಗಲೊಂದು, ಬರಲೊಂದು ಎಂದು ಎರಡೇ ಹಳಿದಾರಿ. ಅದಕ್ಕೇ ಅಲ್ಲಿನ ನೈಟ್ ಟ್ಯೂಬ್ ಎಂಬ ರಾತ್ರಿ ರೈಲು ಸೇವೆ, 2016ರ ಆಗಸ್ಟ್‌ನಲ್ಲಿ ಎರಡು ಮಾರ್ಗಗಳಿಂದ ಶುರುವಾಗಿ ಐದಕ್ಕೆ ಬೆಳೆದರೂ, ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಿಗೆ ಸೀಮಿತ. ವಾರದ ಉಳಿದ ರಾತ್ರಿಗಳ ಹೊರೆ ಹೊರುವುದು ಎನ್ ಅಕ್ಷರದಿಂದ ಶುರುವಾಗುವ ನಂಬರಿನ ಬಸ್ಸುಗಳು ಮತ್ತು 24 ಗಂಟೆ ಓಡುವ ಮಾರ್ಗಗಳು. ಆ ಊರಿನಲ್ಲಿ ಮೊದಲ ರಾತ್ರಿ ಮೋಟಾರು ಬಸ್ಸು ಓಡಿದ್ದು 1913ರಲ್ಲಿ. ಸಿಡ್ನಿಯವರು ಇನ್ನೂ ಸರಳವಾದ ದಾರಿ ಹಿಡಿದರು. 1989ರಲ್ಲಿ ತಡರಾತ್ರಿಯ ಉಪನಗರ ರೈಲುಗಳನ್ನು ನಿಲ್ಲಿಸಿ, ಅವೇ ನಿಲ್ದಾಣಗಳ ಮುಂದೆ ಹಾದುಹೋಗುವ ನೈಟ್‌ರೈಡ್ ಬಸ್ಸುಗಳನ್ನು ಬಿಟ್ಟರು. ಹಳಿಗೆ ವಿಶ್ರಾಂತಿ ಸಿಕ್ಕಿತು, ಪ್ರಯಾಣಿಕರು ಹೊಸ ನಕ್ಷೆ ಕಲಿಯಬೇಕಾಗಲಿಲ್ಲ. ಎರಡೇ ಹಳಿದಾರಿಯ ಬೆಂಗಳೂರು ಮೆಟ್ರೊಗೆ ಒಗ್ಗುವ ಮಾದರಿ ಇದೇ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗದ ನಿಲ್ದಾಣಗಳನ್ನು ಮುಟ್ಟಿಕೊಂಡು ರಾತ್ರಿ ಪೂರ್ತಿ ಓಡುವ ಬಸ್ಸಿದ್ದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ವಿವರಿಸಬೇಕಿಲ್ಲ.

ಸುರಕ್ಷತೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ತಲೆಕೆಳಗಾಗಿ ಕೇಳಲಾಗುತ್ತದೆ. ರಾತ್ರಿ ಅಪಾಯ, ಆದ್ದರಿಂದ ಹೆಂಗಸರು ಓಡಾಡದಿರಲಿ ಎಂಬ ಮಾತು ಕೆಲಸಕ್ಕೆ ಹೋಗಲೇಬೇಕಾದವರಿಗೆ ಯಾವ ಉತ್ತರವೂ ಅಲ್ಲ. 2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಸಿನಿಮಾ ಮುಗಿಸಿ ಮನೆಗೆ ಹೊರಟಾಗ ಸಾಮೂಹಿಕ ಅತ್ಯಾಚಾರಕ್ಕೆ ಬಲಿಯಾದ ಯುವತಿ ಮತ್ತು ಆಕೆಯ ಗೆಳೆಯ ಮುನಿರ್ಕಾದ ತಂಗುದಾಣದಲ್ಲಿ ಹತ್ತಿದ್ದು ಮಾರ್ಗದ ಬಸ್ಸನ್ನಲ್ಲ. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಪರವಾನಗಿಯೇ ಇಲ್ಲದ ಖಾಸಗಿ ಬಸ್ಸನ್ನು. ಆಗ ಗಂಟೆ ಇನ್ನೂ ಒಂಬತ್ತೂವರೆಯ ಆಸುಪಾಸು. ನಂಬಿಕೆಯ ಬಸ್ಸು ಹೊತ್ತಿಗೆ ಸರಿಯಾಗಿ ಬರುವ ಕಡೆ ಗುರುತಿಲ್ಲದ ವಾಹನ ಹತ್ತುವ ಪ್ರಸಂಗ ಕಡಿಮೆ. ರಾತ್ರಿ ಪ್ರಯಾಣದಲ್ಲಿ ಭಯ ಹೆಚ್ಚಾಗಿ ಇರುವುದು ಬಸ್ಸಿನೊಳಗಲ್ಲ. ಕತ್ತಲೆಯ ತಂಗುದಾಣದಲ್ಲಿ ಎಷ್ಟು ಹೊತ್ತು ಎಂದು ತಿಳಿಯದೆ ಕಾಯುವಾಗ ಮತ್ತು ಇಳಿದ ಮೇಲೆ ಮನೆಯವರೆಗೆ ನಡೆಯುವಾಗ. ಆದ್ದರಿಂದ ರಾತ್ರಿಯ ಬಸ್ಸು ತಾಸಿಗೊಂದೇ ಇದ್ದರೂ ಹೇಳಿದ ನಿಮಿಷಕ್ಕೆ ಬರಬೇಕು. ಟೊರಾಂಟೊದ ಸಾರಿಗೆ ಸಂಸ್ಥೆ 1991ರಲ್ಲಿ ಒಂದು ಚಿಕ್ಕ ನಿಯಮ ಮಾಡಿತು. ರಾತ್ರಿ ಹೊತ್ತು ಒಬ್ಬಂಟಿಯಾಗಿ ಹೋಗುವ ಹೆಂಗಸು ಕೇಳಿದರೆ ಚಾಲಕ ಎರಡು ಸ್ಟಾಪುಗಳ ನಡುವೆ, ಆಕೆಯ ಓಣಿಯ ತಿರುವಿಗೆ ಹತ್ತಿರದಲ್ಲಿ ಬಸ್ಸು ನಿಲ್ಲಿಸಬೇಕು. ಮುಂದೆ ಅದು ಎಲ್ಲರಿಗೂ ಅನ್ವಯವಾಯಿತು. ಖರ್ಚೇನೂ ಇಲ್ಲದ ಈ ಏರ್ಪಾಟಿನಿಂದ ಕತ್ತಲಲ್ಲಿ ನಡೆಯಬೇಕಾದ ದಾರಿ ಅಷ್ಟು ಕಡಿಮೆಯಾಗುತ್ತದೆ.

ಅದೇ ಟೊರಾಂಟೊದಲ್ಲಿ ಬ್ಲೂ ನೈಟ್ ಎಂಬ ರಾತ್ರಿ ಜಾಲಕ್ಕೆ ಒಂದು ಅಳತೆಗೋಲು ಇದೆ: ನಗರದ ಶೇಕಡಾ 95 ಜನರ ಮನೆ ಮತ್ತು ಕೆಲಸದ ಜಾಗದಿಂದ ಸುಮಾರು 15 ನಿಮಿಷದ ನಡಿಗೆಯೊಳಗೆ ರಾತ್ರಿ ಮಾರ್ಗ ಸಿಗಬೇಕು. ಹಗಲಿನ ಎಲ್ಲ ಮಾರ್ಗಗಳನ್ನೂ ರಾತ್ರಿ ಓಡಿಸುವುದು ಯಾವ ಊರಿಗೂ ಆಗದ ಮಾತು. ಕೆಲವೇ ಮಾರ್ಗಗಳನ್ನು ಆರಿಸಿ, ಅವನ್ನು ದಿನವೂ ತಪ್ಪದೆ ಓಡಿಸಿ, ಒಂದರಿಂದ ಒಂದಕ್ಕೆ ಬದಲಾಯಿಸಲು ಅನುಕೂಲ ಮಾಡಿಕೊಡುವುದು ಜಾಣತನ. ಅನೇಕ ಕಡೆ ರಾತ್ರಿ ಬಸ್ಸುಗಳೆಲ್ಲ ಗಂಟೆಗೊಮ್ಮೆ ಒಂದೇ ಜಾಗದಲ್ಲಿ ಸೇರಿ, ಕೆಲವು ನಿಮಿಷ ನಿಂತು, ಪ್ರಯಾಣಿಕರು ಹತ್ತಿ ಇಳಿದ ಮೇಲೆ ಒಟ್ಟಿಗೇ ಹೊರಡುತ್ತವೆ. ಒಂದು ಬಸ್ಸು ತಡವಾದರೆ ಉಳಿದವು ಕಾಯುತ್ತವೆ. ಇದಕ್ಕೆ ಬೇಕಾದ ಮಧ್ಯದ ನಿಲ್ದಾಣವನ್ನು ಹಲವು ನಗರಗಳು ಹುಡುಕಬೇಕಾಯಿತು. ಬೆಂಗಳೂರಿಗೆ ಮೆಜೆಸ್ಟಿಕ್ ಇದೆ. ಬಿಎಂಟಿಸಿ ಪ್ಲಾಟ್‌ಫಾರಂಗಳು, ಕೆಎಸ್‌ಆರ್‌ಟಿಸಿ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೊ ನಾಲ್ಕೂ ಕೂಗಳತೆಯಲ್ಲಿವೆ.

ಬಸ್ಸು ಓಡಿಸುವವರನ್ನು ಮರೆತು ಈ ಮಾತೆಲ್ಲ ಆಡುವಂತಿಲ್ಲ. ಹೊರವಲಯದ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಅಲ್ಲೇ ನೈಟ್ ಹಾಲ್ಟ್ ಮಾಡಿ, ಬೆಳಗ್ಗೆ ಅದೇ ಮೊದಲ ಬಸ್ಸಾಗಿ ಹೊರಡುವುದು ಕರ್ನಾಟಕದಲ್ಲಿ ಹಳೆಯ ಪದ್ಧತಿ. ಖಾಲಿ ಬಸ್ಸನ್ನು ಡಿಪೋಗೆ ತಂದು ಮತ್ತೆ ಕಳಿಸುವ ಡೀಸೆಲ್ ಉಳಿಯುತ್ತದೆ, ಊರಿನವರಿಗೆ ನಸುಕಿನಲ್ಲೇ ಬಸ್ಸು ಸಿಗುತ್ತದೆ. ಆದರೆ ಎಷ್ಟೋ ಕಡೆ ಚಾಲಕರು, ನಿರ್ವಾಹಕರು ಸೀಟುಗಳ ನಡುವೆ ಚಾಪೆ ಹಾಸಿ ಮಲಗುತ್ತಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಲಿಂಗಧೀರನಹಳ್ಳಿಯಲ್ಲಿ ಹಾಗೆ ನಿಂತಿದ್ದ ಬಸ್ಸಿಗೆ ಬೆಂಕಿ ಹೊತ್ತಿಕೊಂಡು ಒಳಗೆ ಮಲಗಿದ್ದ ನಿರ್ವಾಹಕರು ಸುಟ್ಟು ತೀರಿಕೊಂಡರು. ಮಲಗಲು ಕೋಣೆ, ನೀರು, ಶೌಚಾಲಯ, ಪಾಳಿಗಳ ನಡುವೆ ಸಾಕಷ್ಟು ನಿದ್ದೆ ಇವೆಲ್ಲ ರಾತ್ರಿ ಸಾರಿಗೆಯ ವೆಚ್ಚದಲ್ಲಿ ಮೊದಲೇ ಸೇರಬೇಕಾದ ಬಾಬತ್ತುಗಳು. ನಿದ್ದೆಗೆಟ್ಟ ಚಾಲಕನ ಕೈಯಲ್ಲಿ ಸ್ಟಿಯರಿಂಗ್ ಕೊಟ್ಟು ಪ್ರಯಾಣಿಕರ ಸುರಕ್ಷತೆಯ ಮಾತಾಡುವುದು ಸಲ್ಲದು.

ಬೆಂಗಳೂರಿನಲ್ಲಿ ಬದಲಾವಣೆಯ ಒಂದು ಹೆಜ್ಜೆ ಈಚೆಗೆ ಬಿದ್ದಿದೆ. ವಾರಾಂತ್ಯಕ್ಕೆ ಊರಿಗೆ ಹೋದವರು ಸೋಮವಾರ ನಸುಕಿನಲ್ಲಿ ಗುಂಪುಗುಂಪಾಗಿ ಬಂದಿಳಿಯುವುದನ್ನು ಗಮನಿಸಿ, 2025ರ ಜನವರಿ 13ರಿಂದ ನಮ್ಮ ಮೆಟ್ರೊ ಸೋಮವಾರಗಳಂದು ಐದರ ಬದಲು 4.15ಕ್ಕೇ ರೈಲು ಬಿಡಲು ತೊಡಗಿತು. ಮುಕ್ಕಾಲು ಗಂಟೆಯ ಈ ವ್ಯತ್ಯಾಸದಿಂದ ಬ್ಯಾಗು ಹೊತ್ತವರು ಆಟೋದವರೊಂದಿಗೆ ವಾದ ಮಾಡುವುದು ಎಷ್ಟೋ ತಪ್ಪಿತು. ಹೂವಿನವರಿಗೆ, ಪೌರಕಾರ್ಮಿಕರಿಗೆ ವಾರದ ಏಳೂ ದಿನ ಸೋಮವಾರವೇ. ಅವರಿಗೂ ಆ 4.15 ಸಿಗಬೇಕು. ಮೆಟ್ರೊ ನಿಲ್ದಾಣದಿಂದ ಬಡಾವಣೆಯೊಳಕ್ಕೆ ಹೋಗುವ ಫೀಡರ್ ಬಸ್ಸುಗಳ ವೇಳಾಪಟ್ಟಿಯನ್ನೂ ಅದೇ ಹೊತ್ತಿಗೆ ಹೊಂದಿಸಬೇಕು. ಹಳಿಯ ತಪಾಸಣೆಗೆ ಬೇಕಾದ ಹೊತ್ತಿನಿಂದಾಗಿ ಪ್ರತಿದಿನ ಅಷ್ಟು ಬೇಗ ರೈಲು ಬಿಡಲಾಗದಿದ್ದರೆ, ನಿಲ್ದಾಣಗಳನ್ನು ಮುಟ್ಟಿಕೊಂಡು ಹೋಗುವ ಬಸ್ಸುಗಳು ಆ ಕೆಲಸವನ್ನು ಮಾಡಬಲ್ಲವು. ಅದಕ್ಕೆ ಹೊಸ ಹಳಿ ಬೇಕಿಲ್ಲ. ರಾತ್ರಿ ಡಿಪೋದಲ್ಲಿ ಸಾಲಾಗಿ ನಿಂತಿರುವ ಬಸ್ಸುಗಳಲ್ಲಿ ಕೆಲವು, ಅವಕ್ಕೆ ಬೇಕಾದಷ್ಟು ಸಿಬ್ಬಂದಿ, ಪ್ರತಿ ತಂಗುದಾಣದಲ್ಲೂ ಉರಿಯುವ ಒಂದು ದೀಪ ಮತ್ತು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ರಾತ್ರಿ ವೇಳಾಪಟ್ಟಿ ಇದ್ದರೆ ಶುರು ಮಾಡಬಹುದು.